ಗೆರೆಗೆ ಬಂದ ಹೊಟ್ಟೆ

ಜನವರಿ 12
(ಭಾವ ಕಳಿಸಿದ ಧ್ವನಿ ಸಂದೇಶ)

ಜನವರಿ ಹನ್ನೆರಡು, ಭಾನುವಾರ ಮಧ್ಯಾಹ್ನ. ಭಾವ ಯಾಕೆ ತಾರೀಕು ಒದರ್ತಿದಾನೆ ಅಂತ ನಗ್ಬೇಡ. ಇದನ್ನ ಕಾಗದ ಅಂದ್ಕೊಂಡೇ ಮಾತಾಡ್ತಿದೀನಿ. ಕಾಗದ ಅಂದ್ಮೇಲೆ ತಲೆ ಮೇಲೆ ತಾರೀಕು, ಕೊನೇಲಿ ರುಜು ಇರ್ಬೇಕು. ಬರೆಯೋಣ ಅಂತಾನೇ ಕೂತೆ ಮಾರಾಯ, ಈ ಫೋನಿನ ಅಕ್ಷರ ಇರುವೆಗಳ ಥರ ಒಂದರ ಬೆನ್ನ ಮೇಲೊಂದು ಹತ್ಕೊಂಡು ಹೋಗತ್ತೆ. ಮಾತಾಡೋದು ನಂಗೆ ಸುಲಭ. ಕೇಳೋದು ನಿಂಗೆ ಕಷ್ಟ, ಅದೂ ಗೊತ್ತು.

ನಾಲ್ಕು ವರ್ಷ ಆಯ್ತು ನಾವಿಬ್ರು ಮಾತಾಡಿ. ನೀನೂ ನಿನ್ನ ಅಕ್ಕನೂ ಮಾತಾಡ್ತೀರ, ನಂಗೇನೂ ಗೊತ್ತಿಲ್ಲ ಅಂದ್ಕೋಬೇಡ. ನಾನು ಒಳಗೆ ಕಾಲಿಟ್ಟ ತಕ್ಷಣ "ಆಮೇಲೆ ಮಾಡ್ತೀನಿ" ಅಂತ ಫೋನ್ ಇಡ್ತಾಳೆ. ಮದುವೆಯಾಗಿ ಇಪ್ಪತ್ತೈದು ವರ್ಷ ಆದ್ಮೇಲೂ ಅವಳಿಗೆ ಸುಳ್ಳು ಹೇಳಕ್ಕೆ ಬರಲ್ಲ.

ವಿಷಯಕ್ಕೆ ಬರ್ತೀನಿ. ನೀನು ಈಗ ಸ್ಕೋಪು, ದುರ್ಬೀನು ಮಾರೋ ಅಂಗಡೀಲಿದೀಯ ಅಂತ ಅವಳೇ ಹೇಳಿದ್ಲು. ನಂಗೊಂದು ಸ್ಕೋಪ್ ಬೇಕು. ನಮ್ಮ ಪಾಯಿಂಟ್ ಇಪ್ಪತ್ತೆರಡರ ರೈಫಲ್ ಮೇಲೆ ಕೂರಿಸಕ್ಕೆ. ಮಿಲ್ಲಿನ ಹಿತ್ತಲು ನೀನು ಕೆಲಸಕ್ಕಿದ್ದಾಗ ಇದ್ದ ಹಾಗೇ ಇದೆ. ಕೋಳಿ ತಿಂಡಿ ರುಬ್ಬೋ ಮಿಲ್ಲಲ್ವಾ, ಇಲಿಗೆ ವಿಷ ಇಡಂಗಿಲ್ಲ ಅಂತ ಮ್ಯಾನೇಜರು ಈಗಲೂ ಅಂತಾರೆ. ಬೆಳಿಗ್ಗೆ ಲಾರಿಗಳು ಬರೋಕೆ ಮುಂಚೆ ತೂಕದ ಕೋಣೆ ಕಿಟಕೀಲಿ ಕೂತ್ಕೋತೀನಿ. ಎದುರಿಗೆ ಮಣ್ಣಿನ ದಿಬ್ಬ, ಬುಡದಲ್ಲಿ ಬಿಲಗಳು. ಚೆಲ್ಲಿದ ಕಾಳು ತಿನ್ನಕ್ಕೆ ಬರ್ತವೆ. ಹೆಚ್ಚೆಂದ್ರೆ ಇಪ್ಪತ್ತು, ಇಪ್ಪತ್ತೈದು ಮೀಟರು. ಹಮಾಲರು ನನ್ನ ಇವತ್ತಿಗೂ ಇಲಿಸಾಹೇಬ್ರು ಅಂತಾನೇ ಕರೀತಾರೆ. ನಿನ್ನ ಚಿಕ್ಕಿಲಿಸಾಹೇಬ್ರು ಅಂತಿದ್ರಲ್ಲ, ಅವರೇ.

ಇಷ್ಟು ವರ್ಷ ಬರಿಗಣ್ಣಲ್ಲೇ ಹೊಡೆದೆ. ಈಗ ಐವತ್ತು ತುಂಬ್ತು. ನಳಿಗೆ ತುದಿಯ ಗುರಿಕಡ್ಡಿ ಮಂಜಾಗತ್ತೆ. ಎಡಗಣ್ಣು ಹುಟ್ಟಿದಾಗಿಂದ ಲೆಕ್ಕಕ್ಕಿಲ್ಲ, ಬಲಗಣ್ಣೇ ದುಡಿಯೋ ಎತ್ತು. ಅದಕ್ಕೂ ವಯಸ್ಸಾಗ್ತಿದೆ ಅಷ್ಟೇ. ಈ ತಿಂಗಳು ಏಟಿಗಿಂತ ತಪ್ಪಿದ್ದೇ ಜಾಸ್ತಿ. ಹೀಗೇ ಆದ್ರೆ ಇಲಿ ಹಿಡಿಯೋ ಕಂಪನೀನ ಕರೆಸ್ತೀನಿ ಅಂತ ಮ್ಯಾನೇಜರು ಅಂದ್ರು. ನಗ್ತಾನೇ ಅಂದ್ರು. ಆ ನಗು ನಿಂಗೂ ಗೊತ್ತಲ್ಲ. ಈ ವಯಸ್ಸಲ್ಲಿ ನಂಗೆ ಬೇರೆ ಯಾವ ಕೆಲಸ ಬರತ್ತೆ ಹೇಳು.

ಅಗ್ಗದ್ದು ಇರ್ಲಿ. ಅಗ್ಗ ಅಂತ ಆಟಿಕೆ ಕಳಿಸ್ಬೇಡ.

ಮತ್ತೆ ನಮ್ಮ ನಡುಮನೆ ಬಾಗಿಲು ಯಾಕೋ ಉಬ್ಬಿದೆ ಕಣೋ. ಚೌಕಟ್ಟು ಮಧ್ಯದಲ್ಲಿ ಹೊರಗೆ ಬಂದಿದೆ. ತೇವಕ್ಕೆ ಇರ್ಬೇಕು. ಬಡಗಿಗೆ ಹೇಳ್ಬೇಕು. ಸರಿ, ಇದೆಲ್ಲ ನಿಂಗ್ಯಾಕೆ.

ಇಂತಿ, ಮಾತು ನಿಲ್ಲಿಸಕ್ಕೆ ಬರದ ನಿನ್ನ ಭಾವ.


ಜನವರಿ 27
(ಪಾರ್ಸಲ್ ಒಳಗಿದ್ದ ಕಾಗದ)

ಭಾವನವರಿಗೆ ನಮಸ್ಕಾರ.

ಸಂದೇಶ ತಲುಪಿತು. ನನಗೆ ಹೀಗೆ ಧ್ವನಿ ಮುದ್ರಿಸಿ ಕಳಿಸಿ ಅಭ್ಯಾಸವಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಅಂಗಡಿಗೆ ಬರುವವರೆಲ್ಲ ಮೊದಲು ಕೇಳುವುದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು. ನಿಮ್ಮ ದೂರಕ್ಕೆ ನಾಲ್ಕು ಪಟ್ಟು ಸಾಕು. ಪಟ್ಟು ಏರಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಇಲಿ ಒಂದು ಗೇಣು ಸರಿದರೆ ಮತ್ತೆ ಹುಡುಕಬೇಕು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ದೊಡ್ಡ ರೈಫಲ್ಲಿನ ಸ್ಕೋಪನ್ನು ತಯಾರಿಸುವಾಗಲೇ ನೂರು ಮೀಟರಿಗೆ ಹೊಂದಿಸಿರುತ್ತಾರೆ. ಅದನ್ನು ಹತ್ತಿರದ ಗುರಿಗೆ ಹಿಡಿದರೆ ನೋಡುವವನ ಕಣ್ಣು ಸ್ವಲ್ಪ ಆಚೀಚೆ ಸರಿದರೂ ಒಳಗಿನ ಗೆರೆ ಗುರಿಯ ಮೇಲೆ ಜಾರುತ್ತದೆ. ಅಂಗಡಿಯಲ್ಲಿ ನಾವು ಇದನ್ನು ಗೆರೆ ಓಡುವುದು ಎನ್ನುತ್ತೇವೆ. ಚಿಕ್ಕ ತೋಟಾದ ರೈಫಲ್ಲಿಗೆಂದೇ ಮಾಡಿದ್ದರಲ್ಲಿ ಐವತ್ತು ಮೀಟರಿಗೆ ಹೊಂದಿಸಿರುತ್ತಾರೆ, ಓಟ ಕಡಿಮೆ. ಅಂಥದ್ದನ್ನೇ ಕಳಿಸಿದ್ದೇನೆ. ನಿಮ್ಮ ರೈಫಲ್ ಹಿಂದಕ್ಕೆ ಒದೆಯುವುದೇ ಇಲ್ಲ, ಹಾಗಾಗಿ ದುಬಾರಿ ಗಟ್ಟಿ ಸ್ಕೋಪು ಬೇಕಿಲ್ಲ. ಇದು ಅಗ್ಗದ್ದು, ಆಟಿಕೆಯಲ್ಲ.

ಸ್ಕೋಪು ನಳಿಗೆಗಿಂತ ಮೇಲೆ ಕೂರುವುದರಿಂದ ತೀರ ಹತ್ತಿರದಲ್ಲಿ ಗುಂಡು ಗೆರೆಗಿಂತ ಕೆಳಗೆ ಬೀಳುತ್ತದೆ. ಗಾಬರಿ ಬೇಡ. ಇಪ್ಪತ್ತೈದು ಮೀಟರಿಗೆ ಹೊಂದಿಸಿಕೊಂಡರೆ ದಿಬ್ಬದ ಬುಡಕ್ಕೆಲ್ಲ ಸರಿಹೋಗುತ್ತದೆ.

ಒಪ್ಪಿಗೆಯಾಗದಿದ್ದರೆ ವಾಪಸ್ ಕಳಿಸಬಹುದು. ಇದು ಅಂಗಡಿಯ ನಿಯಮ, ನನ್ನ ಉಪಕಾರವಲ್ಲ.

ಇಂತು,
ಭಾಮೈದ


ಫೆಬ್ರವರಿ 9
(ಧ್ವನಿ ಸಂದೇಶ)

ಫೆಬ್ರವರಿ ಒಂಬತ್ತು. ನಿನ್ನ ಕಾಗದಾನ ನಿನ್ನ ಅಕ್ಕನ ಕೈಲಿ ಓದಿಸ್ದೆ. ನೀನು ಇರುವೆ ಅಕ್ಷರ ಬರೀತೀಯಪ್ಪ, ಮೊದ್ಲಿಂದ್ಲೂ ಅಷ್ಟೇ. "ಭಾವನವರಿಗೆ ನಮಸ್ಕಾರ" ಅಂತ ಶುರು ಮಾಡಿದ ತಕ್ಷಣ ಅವಳು ನಕ್ಬಿಟ್ಲು. "ಇದೇನು, ಬ್ಯಾಂಕಿಂದ ಬಂದಿದ್ಯಾ" ಅಂದ್ಲು. ಕೊನೇಲಿ "ನನ್ನ ಉಪಕಾರವಲ್ಲ" ಅನ್ನೋದು ಬಂದಾಗ ನಗಲಿಲ್ಲ. ಮಡಚಿ ಡಬ್ಬದ ಕೆಳಗಿಟ್ಲು.

ಸ್ಕೋಪ್ ಚೆಂದ ಇದೆ. ಕೂರಿಸ್ದೆ. ದಿಬ್ಬಕ್ಕೆ ರಟ್ಟು ಚುಚ್ಚಿ ಹೊಂದಿಸಕ್ಕೆ ಕೂತೆ. ನೀನು ಹೇಳಿದ ಹಾಗೇ ಗುಂಡು ಕೆಳಗೆ ಬಿತ್ತು, ಮೇಲಿನ ತಿರುಪು ತಿರುಗಿಸ್ದೆ, ಮೇಲೆ ಬಂತು. ಎಲ್ಲ ಸರಿ. ಆದ್ರೆ ಒಂದು ವಿಷಯ. ಬೇಜಾರು ಮಾಡ್ಕೋಬೇಡ. ಒಳಗಿನ ಉದ್ದಗೆರೆಗೆ ಹೊಟ್ಟೆ ಬಂದಿದೆ.

ನಗ್ಬೇಡ ಕಣೋ. ಮೇಲಿಂದ ನೆಟ್ಟಗೆ ಇಳಿಯತ್ತೆ, ಅಡ್ಡಗೆರೆ ಕೂಡೋ ಜಾಗದಲ್ಲಿ ಬಲಗಡೆಗೆ ಉಬ್ಬತ್ತೆ, ಆಮೇಲೆ ಮತ್ತೆ ನೆಟ್ಟಗೆ. ನಮ್ಮ ಮ್ಯಾನೇಜರು ಸೈಡಿಗೆ ನಿಂತ ಹಾಗೆ. ಇಲಿ ಮೇಲೆ ಇಟ್ರೆ ಯಾವುದನ್ನ ನಂಬೋದು, ಗೆರೇನೋ ಹೊಟ್ಟೇನೋ? ನಿನ್ನೆ ಒಂದು ದೊಡ್ಡದು, ಕಿವಿ ಹರಿದಿದ್ದು, ಅಲ್ಲೇ ಕೂತು ಮೀಸೆ ತಿಕ್ಕೊಳ್ತಿತ್ತು. ಹೊಡೆದೆ. ಪಕ್ಕದಲ್ಲಿ ಮಣ್ಣು ಹಾರ್ತು. ಅದು ತಲೆ ಎತ್ತಿ ನನ್ನ ಕಡೆ ನೋಡ್ತು, ಆಮೇಲೆ ಆರಾಮಾಗಿ ಒಳಗೆ ಹೋಯ್ತು. ಅವಮಾನ ಆಯ್ತು ಅಂದ್ರೆ ನಂಬ್ತೀಯಾ?

ತಯಾರಿಸೋವಾಗ್ಲೇ ಡೊಂಕಾಗಿರ್ಬೇಕು. ವಾಪಸ್ ಕಳಿಸ್ತಿದೀನಿ. ಬೇರೆ ಕಳಿಸು.

ಬಡಗಿ ಬಂದಿದ್ದ. ಬಾಗಿಲು ತಟ್ಟಿ ನೋಡಿದ, "ಏನೂ ಆಗಿಲ್ವಲ್ಲ ಯಜಮಾನ್ರೇ" ಅಂದ. ಕೆಲಸ ಬೇಡದವರ ಮಾತು. ಇನ್ನೊಂದ್ಸಲ ಬಾ ಅಂದಿದೀನಿ.

ಇಂತಿ, ಇಲಿಯ ಕೈಲಿ ಮರ್ಯಾದೆ ಕಳ್ಕೊಂಡ ನಿನ್ನ ಭಾವ.


ಫೆಬ್ರವರಿ 20
(ಪಾರ್ಸಲ್ ಒಳಗಿದ್ದ ಕಾಗದ)

ಭಾವನವರಿಗೆ,

ವಾಪಸ್ ಬಂದ ಸ್ಕೋಪನ್ನು ನೋಡಿದೆ. ನನ್ನ ಕಣ್ಣಿಗೆ ಗೆರೆ ನೆಟ್ಟಗಿದೆ. ಅಂಗಡಿಯ ಯಜಮಾನರಿಗೂ ತೋರಿಸಿದೆ, ಅವರಿಗೂ ನೆಟ್ಟಗಿದೆ.

ಬಹುಶಃ ಹೀಗಿರಬಹುದು. ಹಿಂದಿನ ಬಳೆಯನ್ನು ನಿಮ್ಮ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಂಡಿರಲಿಕ್ಕಿಲ್ಲ. ಬೆಳಗಿನ ಆಕಾಶಕ್ಕೆ ಹಿಡಿದು, ಗೆರೆ ಕಪ್ಪಾಗಿ ಕಾಣುವವರೆಗೆ ತಿರುಗಿಸಬೇಕು. ಮತ್ತೆ ನಿಮ್ಮ ಕೆನ್ನೆ. ನೀವು ಮೊದಲಿನಿಂದಲೂ ಕೆನ್ನೆಯನ್ನು ಒಮ್ಮೆ ಮುಂದೆ ಒಮ್ಮೆ ಹಿಂದೆ ಇಡುತ್ತೀರಿ. ಬರಿಗಣ್ಣಿನ ಗುರಿಗೆ ಅದು ನಡೆಯುತ್ತಿತ್ತು, ಸ್ಕೋಪಿಗೆ ನಡೆಯುವುದಿಲ್ಲ. ಹಿಡಿಯ ಮೇಲೆ ಒಂದು ಪಟ್ಟಿ ಅಂಟಿಸಿ, ಪ್ರತಿಸಲ ಅಲ್ಲೇ ಕೆನ್ನೆ ಇಡಿ.

ಈ ಸಲ ಸ್ವಲ್ಪ ಮೇಲಿನ ದರ್ಜೆಯದನ್ನು ಕಳಿಸಿದ್ದೇನೆ. ಮುಂದಿನ ಗಾಜಿನ ಸುತ್ತ ಒಂದು ಬಳೆ ಇದೆ, ಅದನ್ನು ತಿರುಗಿಸಿ ಹತ್ತು ಮೀಟರಿನವರೆಗೂ ಹೊಂದಿಸಬಹುದು. ಇಪ್ಪತ್ತರ ಗುರುತಿಗೆ ಇಟ್ಟರೆ ಗೆರೆ ಓಡುವುದೇ ಇಲ್ಲ. ದರದ ವ್ಯತ್ಯಾಸವನ್ನು ಕೇಳಬೇಡಿ.

ತೂಕದ ಕೋಣೆಯ ಆ ಕುಂಟು ಸ್ಟೂಲಿನಲ್ಲೇ ಈಗಲೂ ಕೂರುತ್ತೀರಾ? ಅದರ ಕಾಲ ಕೆಳಗೆ ನಾನು ಇಟ್ಟಿದ್ದ ರಟ್ಟಿನ ಮಡಿಕೆ ಇನ್ನೂ ಇದ್ದರೆ ಬದಲಿಸಿ. ಸ್ಟೂಲು ಅಲುಗಿದರೂ ಗೆರೆ ಅಲುಗುತ್ತದೆ.

ಇಂತು,
ಭಾಮೈದ


ಮಾರ್ಚ್ 5
(ಧ್ವನಿ ಸಂದೇಶ)

ಮಾರ್ಚ್ ಐದು. ರಟ್ಟಿನ ಮಡಿಕೆ ಇನ್ನೂ ಇದೆ ಕಣೋ. ನೋಡಿದೆ. ಕಪ್ಪಾಗಿದೆ, ಬದಲಿಸಲಿಲ್ಲ.

ಪಟ್ಟಿ ಅಂಟಿಸ್ದೆ. ಕೆನ್ನೆ ಅಲ್ಲೇ ಇಟ್ಟೆ. ಆಕಾಶಕ್ಕೆ ಹಿಡಿದು ಬಳೆ ತಿರುಗಿಸ್ದೆ, ಕುತ್ತಿಗೆ ಹಿಡ್ಕೊಳ್ತು. ನೀನು ಹೇಳಿದ್ದೆಲ್ಲ ಮಾಡ್ದೆ. ಇದಕ್ಕೂ ಹೊಟ್ಟೆ ಇದೆ. ಅದೇ ಜಾಗದಲ್ಲಿ, ಮೊದಲಿನದಕ್ಕಿಂತ ಒಂದು ಸುತ್ತು ದಪ್ಪ.

ಒಂದು ಕೇಳ್ತೀನಿ, ನೇರವಾಗೇ. ಬೇಕೂಂತ ಕಳಿಸ್ತಿದೀಯಾ? ಭಾವ ಅಗ್ಗದ್ದು ಕೇಳಿದಾನೆ, ಮೂಲೇಲಿ ಬಿದ್ದಿರೋ ಡೊಂಕು ಮಾಲು ಸಾಗಿಸೋಣ ಅಂತ? ತಮಾಷೆಗೆ ಕೇಳ್ತಿದೀನಿ ಅಂದ್ಕೋ. ಅಥವಾ ಅಂದ್ಕೋಬೇಡ.

ಯಾಕೆ ಇಷ್ಟು ಸಿಟ್ಟು ಅಂದ್ರೆ, ಮೊನ್ನೆ ನೀರಿನ ಪೈಪಿಗೆ ಹೊಡೆದ್ಬಿಟ್ಟೆ. ದಿಬ್ಬದ ಎಡಗಡೆ ಬೋರಿನ ಪೈಪ್ ಹೋಗತ್ತಲ್ಲ, ಅದು. ನನ್ನ ಗುರಿ ಬಿಲದ ಬಾಯಿ ಮೇಲಿತ್ತು, ಆಣೆಗೂ. ನೀರು ಚಿಮ್ತು. ಚೀಲ ಹೊಲಿಯೋ ಹೆಂಗಸ್ರು ಆಗ ತಾನೇ ಗೇಟಿನಲ್ಲಿ ಬರ್ತಿದ್ರು. ಗೇಟು ಪೈಪಿಂದ ಎಷ್ಟು ದೂರ? ನೀನೇ ಯೋಚ್ನೆ ಮಾಡು. ಹಿಂದೆ ಮಣ್ಣಿಲ್ಲದ ಕಡೆ ಗುಂಡು ಬಿಡಬಾರ್ದು ಅಂತ ನಿಂಗೆ ಹೇಳಿಕೊಟ್ಟೋನು ನಾನು. ರೈಫಲ್ ಕೆಳಗಿಟ್ಟೆ. ಮ್ಯಾನೇಜರು ಬಂದು ನೋಡಿದ್ರು. ರೈಫಲ್ ಕಪಾಟಿನ ಬೀಗದ ಕೈ ಇಸ್ಕೊಂಡ್ರು. ಸ್ಕೋಪ್ ಸರಿಮಾಡಿಸ್ಕೊಂಡು ಬಾ, ಆಮೇಲೆ ಕೊಡ್ತೀನಿ ಅಂದ್ರು. ಈಗ ಹಿತ್ತಲಲ್ಲಿ ಚೀಲ ಎಣಿಸ್ತಿದೀನಿ.

ಆದ್ರಿಂದ ಇದನ್ನೂ ವಾಪಸ್ ಕಳಿಸ್ತಿದೀನಿ, ಒಂದು ನೆಟ್ಟಗಿರೋದು ಕಳಿಸು. ನಂಗೆ ಬೇರೇನೂ ಬೇಡ.

ಬಡಗಿ ಮತ್ತೆ ಬಂದಿದ್ದ. ಈ ಸಲ ದಾರಕ್ಕೆ ತೂಕದ ಗುಂಡು ಕಟ್ಟಿ ಚೌಕಟ್ಟಿನ ಪಕ್ಕ ಇಳಿಬಿಟ್ಟು ತೋರಿಸ್ದ. "ನೋಡಿ ಯಜಮಾನ್ರೇ, ಒಂದು ಕೂದಲು ಆಚೀಚೆ ಇಲ್ಲ." ನೋಡಿದೆ. ಅವನ ದಾರಾನೇ ಡೊಂಕು! ದಾರ ಬಿಗಿ ಹಿಡಿಯಕ್ಕೂ ಬರದವನು ಬಡಗಿ.

ಹಾಂ, ನಿನ್ನ ಅಕ್ಕ ಇತ್ತೀಚೆಗೆ ಸೊರಗಿದಾಳೆ ಅನ್ಸತ್ತೆ. ಒಂದು ಕೆನ್ನೆ ಒಳಗೆ ಹೋದ ಹಾಗೆ ಕಾಣತ್ತೆ. ಕೇಳಿದ್ರೆ "ನಂಗೇನಾಗಿದೆ, ಗುಂಡುಕಲ್ಲಿದ್ದ ಹಾಗಿದೀನಿ" ಅಂತಾಳೆ. ನೀನಾದ್ರೂ ಫೋನಲ್ಲಿ ಕೇಳು. ನನ್ನ ಮುಂದೆ ಹೇಳಲ್ಲ.

ಇಂತಿ, ನಿನ್ನ ಭಾವ.


ಮಾರ್ಚ್ 16
(ಅಂಚೆಯಲ್ಲಿ ಬಂದ ಕಾಗದ)

ಭಾವನವರಿಗೆ,

ಎರಡನೆಯ ಸ್ಕೋಪೂ ತಲುಪಿತು. ಅದರಲ್ಲೂ ಏನೂ ದೋಷವಿಲ್ಲ. ಎರಡು ಸಲ ಒಳ್ಳೆಯ ಮಾಲನ್ನು ಡೊಂಕು ಎಂದು ವಾಪಸ್ ತೆಗೆದುಕೊಂಡಿದ್ದಕ್ಕೆ ಯಜಮಾನರು ನನ್ನನ್ನು ನಾಲ್ಕು ಜನರ ಮುಂದೆ ಕೇಳಿದರು: "ನಿಮ್ಮ ಭಾವನಿಗೆ ಸ್ಕೋಪ್ ಬೇಕಾಗಿದೆಯೋ, ನಿಮ್ಮ ತಲೆ ಬೇಕಾಗಿದೆಯೋ?" 

ಬೇಕೆಂದೇ ಕಳಿಸುತ್ತೀಯಾ ಎಂದು ಕೇಳಿದ್ದೀರಿ. ನಾನೂ ಕೇಳುತ್ತೇನೆ. ಬೇಕೆಂದೇ ವಾಪಸ್ ಕಳಿಸುತ್ತಿದ್ದೀರಾ? ನಾನು ಇಲ್ಲಿ ಒಂದು ಕೌಂಟರಿನ ಹಿಂದೆ ಹೇಗೋ ನಿಂತಿದ್ದೇನೆ. ಅದೂ ನಿಮ್ಮ ಕಣ್ಣು ಕುಕ್ಕುತ್ತಿದೆಯೇ?

ಕಣ್ಣಿನ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ. ಅಂದು ಮ್ಯಾನೇಜರು ನಮ್ಮಿಬ್ಬರನ್ನೂ ಕೋಣೆಗೆ ಕರೆದು, ಹಿತ್ತಲಿಗೆ ಇನ್ನು ಒಬ್ಬನೇ ಸಾಕು, ಕಣ್ಣು ಯಾರದು ಚೆನ್ನಾಗಿದೆ ಎಂದು ಕೇಳಿದರು. ನಾನು ಮರ್ಯಾದೆಗೆ, ಅರ್ಧ ತಮಾಷೆಗೆ, "ಭಾವನ ಕಣ್ಣೇ ಕಣ್ಣು" ಎಂದೆ. ನೀವು "ಇಲ್ಲ, ಇವನದು" ಎನ್ನುತ್ತೀರಿ, ಮೂವರೂ ನಗುತ್ತೇವೆ, ಆರಿಸಲಾಗದೆ ಅವರು ಇಬ್ಬರನ್ನೂ ಉಳಿಸಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ನೀವು ಮುಖ ತಿರುಗಿಸಿಕೊಂಡು ಗೋಡೆ ನೋಡುತ್ತ ನಿಂತಿರಿ. ಗೋಡೆಯಲ್ಲಿ ಏನಿತ್ತು ಭಾವ? ನಾಲ್ಕು ವರ್ಷದಿಂದ ಯೋಚಿಸುತ್ತಿದ್ದೇನೆ. ಒಂದು ಕ್ಯಾಲೆಂಡರ್ ಕೂಡ ಇರಲಿಲ್ಲ.

ಇನ್ನು ಸ್ಕೋಪ್ ಕಳಿಸಲಾರೆ.

ಭಾಮೈದ


ಮಾರ್ಚ್ 30
(ಧ್ವನಿ ಸಂದೇಶ)

ಮಾರ್ಚ್ ಮೂವತ್ತು. ನಿನ್ನ ಕಾಗದ ಬಂತು. ನಿನ್ನ ಅಕ್ಕ ಓದಕ್ಕೆ ಶುರು ಮಾಡಿದ್ಲು. "ಕೋಣೆಗೆ ಕರೆದು" ಅನ್ನೋವರೆಗೆ ಓದಿದ್ಲು. ಆಮೇಲೆ ಕಣ್ಣಲ್ಲೇ ಓದ್ಕೊಂಡ್ಲು. ಮುಂದೇನಿದೆ ಅಂದ್ರೆ "ಅಷ್ಟೇ" ಅಂದ್ಲು. ಸುಳ್ಳು ಹೇಳಕ್ಕೆ ಬರಲ್ಲ ಅಂದ್ನಲ್ಲ.

ಅವಳು ನೀರು ತರಕ್ಕೆ ಹೋದಾಗ ನಾನೇ ತಗೊಂಡೆ. ಕಿಟಕಿ ಹತ್ರ ಹಿಡ್ದೆ. ಓದಕ್ಕಾಗ್ಲಿಲ್ಲ. ಸಾಲು ಶುರುವಾಗೋದು ಕಾಣತ್ತೆ, ಮುಗಿಯೋದು ಕಾಣತ್ತೆ, ಮಧ್ಯದ ಮಾತು ಕರಗಿ ಹೋಗತ್ತೆ. ಶಾಯಿ ಸರಿಯಿಲ್ಲ ನಿಂದು. ಆದ್ರೂ ಏನು ಬರೆದಿದೀಯ ಅಂತ ನಂಗೆ ಗೊತ್ತು. ನಾಲ್ಕು ವರ್ಷದಿಂದ ನೀನು ಬರೀದೇ ಇದ್ದಿದ್ದನ್ನೇ ಬರೆದಿರ್ತೀಯ.

ಅದಕ್ಕೆ ಉತ್ತರ ಈ ಫೋನ್ ಪೆಟ್ಟಿಗೇಲಿ ಹೇಳಲ್ಲ. ಎದುರಿಗೆ ಕೂತು ಹೇಳೋದು ಅದು.

ಇಂತಿ, ಭಾವ.


ಮೇ 4
(ಪಾರ್ಸಲ್ ಒಳಗಿದ್ದ ಚೀಟಿ)

ಭಾವ,
ಇದು ಅಂಗಡಿಯದಲ್ಲ. ವಾಪಸ್ ಕಳಿಸಬೇಕಾಗಿಲ್ಲ.


ಮೇ 11
(ಧ್ವನಿ ಸಂದೇಶ)

ಮೇ ಹನ್ನೊಂದು, ಭಾನುವಾರ ಬೆಳಿಗ್ಗೆ. ಪಾರ್ಸಲ್ ಬರತ್ತೆ ಅಂತ ಅಂದ್ಕೊಂಡಿರಲಿಲ್ಲ. ಇಷ್ಟು ದಿನ ನಾನೂ ಫೋನ್ ಮುಟ್ಟಿರಲಿಲ್ಲ. ಮಾತಾಡ್ದೇ ಇರಕ್ಕೆ ನಂಗೂ ಬರತ್ತೆ ನೋಡು.

ಡಬ್ಬ ಇಲ್ಲ, ಹಳೇ ಬನಿಯನ್ನಲ್ಲಿ ಸುತ್ತಿದೀಯ. ಸ್ಕೋಪಿನ ಬಣ್ಣ ಅಲ್ಲಲ್ಲಿ ಹೋಗಿದೆ, ಯಾರೋ ಬಹಳ ದಿನ ಬಳಸಿದ್ದು. ನಿನ್ನ ಅಕ್ಕ ಕೈಗೆ ತಗೊಂಡು ನೋಡಿದ್ಲು. ಏನೋ ಗೊತ್ತಾದವಳ ಹಾಗೆ ಸೆರಗಲ್ಲಿ ಒರೆಸಿ ಕೆಳಗಿಟ್ಲು.

ಮ್ಯಾನೇಜರು ಒಂದು ದಿನಕ್ಕೆ ಅಂತ ಬೀಗದ ಕೈ ಕೊಟ್ರು. ಕೂರಿಸ್ದೆ. ಕೆನ್ನೆ ಪಟ್ಟಿ ಮೇಲಿಟ್ಟೆ. ಬಳೆ ಇಪ್ಪತ್ತಕ್ಕೆ ಇಟ್ಟೆ. ನೋಡಿದೆ.

ಹೇಳಲೇಬೇಕಾ? ಸರಿ. ಇದಕ್ಕೆ ಹೊಟ್ಟೆ ಇಲ್ಲ. ಹೊಟ್ಟೆ ಇದ್ದ ಜಾಗಾನೇ ಇಲ್ಲ. ನಾಲ್ಕು ಗೆರೆಗಳು ನಾಲ್ಕು ಕಡೆಯಿಂದ ಬರ್ತವೆ, ಮಧ್ಯದಲ್ಲಿ ಕೂಡಲ್ಲ. ಅಲ್ಲಿ ಬೂದಿ ಬಿದ್ದ ಹಾಗೆ ಒಂದು ಕಲೆ. ಇಲಿ ಆ ಕಲೆಯೊಳಗೆ ಹೋದ್ರೆ ಇಲ್ಲ, ಹೊರಗೆ ಬಂದ್ರೆ ಇದೆ. ಬೂದಿ ಒರೆಸೋಣ ಅಂತ ಗಾಜು ಒರೆಸ್ದೆ. ನಿನ್ನ ಬನಿಯನ್ನಿಂದಾನೇ. ಹೋಗಲಿಲ್ಲ.

ಪರವಾಗಿಲ್ಲ ಬಿಡು. ಹಳೇದು, ಒಳಗೆ ತೇವ ಹೋಗಿರತ್ತೆ. ನೀನು ಕಳಿಸಿದ್ಯಲ್ಲ, ಅದೇ ಸಾಕು. ಒಂದು ಗುಂಡೂ ಹಾರಿಸದೆ ಬೀಗದ ಕೈ ವಾಪಸ್ ಕೊಟ್ಟೆ. ಮ್ಯಾನೇಜರು "ಯಾಕೆ" ಅಂದ್ರು. "ಇಲಿ ಇರಲಿಲ್ಲ" ಅಂದೆ. ಅವರ ಹಿಂದೇನೇ ಎರಡು ಓಡಾಡ್ತಿದ್ವಂತೆ. ಹಮಾಲರು ನಕ್ರು.

ಇಂತಿ, ನಿನ್ನ ಭಾವ.


ಮೇ 11, ಸಂಜೆ
(ಅಕ್ಕನ ಫೋನಿಗೆ ಬಂದ ಬರಹ)

ಅಕ್ಕಾ,

ಇದನ್ನು ಭಾವನಿಗೆ ಓದಿ ಹೇಳಬೇಡ. ಮೊದಲು ನೀನೊಬ್ಬಳೇ ಓದು.

ಆ ಸ್ಕೋಪು ನನ್ನದು. ನಿನಗೆ ಗೊತ್ತಾಗಿದೆ, ನನ್ನ ಸ್ವಂತ ರೈಫಲ್ಲಿನ ಮೇಲಿದ್ದದ್ದು. ಪ್ಯಾಕ್ ಮಾಡುವ ದಿನ ಬೆಳಿಗ್ಗೆ ಅದರಲ್ಲಿ ನೋಡಿದ್ದೇನೆ. ಗೆರೆ ನೆಟ್ಟಗಿತ್ತು, ಗಾಜಿನಲ್ಲಿ ಕಲೆ ಇರಲಿಲ್ಲ, ತೇವ ಇರಲಿಲ್ಲ. ಅಂಗಡಿಯ ಮಾಲಿನ ಮೇಲೆ ಅನುಮಾನ ಪಡಬಹುದು, ಇದರ ಮೇಲೆ ಪಡಲಾರೆ.

ಇವತ್ತು ಮಧ್ಯಾಹ್ನ ಭಾವ ಕಳಿಸಿದ್ದನ್ನೆಲ್ಲ ಮೊದಲಿನಿಂದ ಕೇಳಿದೆ. ಅಕ್ಕಾ, ನಾನು ಅವನ್ನು ಯಾವತ್ತೂ ಪೂರ್ತಿ ಕೇಳಿರಲಿಲ್ಲ. ಭಾವನ ಮಾತು ಉದ್ದ ಎಂದು ಸ್ಕೋಪಿನ ವಿಷಯ ಮುಗಿದ ಕೂಡಲೇ ನಿಲ್ಲಿಸಿಬಿಡುತ್ತಿದ್ದೆ. ಮನೆಯ ಬಾಗಿಲಿನ ಮಾತೆಲ್ಲ ಕೊನೆಯಲ್ಲಿದೆ. ಬಡಗಿಯ ದಾರವೂ ಡೊಂಕು, ನಿನ್ನ ಕೆನ್ನೆಯೂ ಡೊಂಕು ಎನ್ನುತ್ತಾರೆ.

ನಿಮ್ಮ ಬಾಗಿಲು ಉಬ್ಬಿಲ್ಲ. ನೀನು ಸೊರಗಿಲ್ಲ.

ನಾಳೆಯೇ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗು. ಕನ್ನಡಕದ ಅಂಗಡಿಗಲ್ಲ, ದೊಡ್ಡ ಆಸ್ಪತ್ರೆಗೆ. ಒಪ್ಪದಿದ್ದರೆ ಸ್ಕೋಪಿಗೆ ತಕ್ಕ ಕನ್ನಡಕ ಹಾಕಿಸಿಕೊಳ್ಳಬೇಕಂತೆ, ತಮ್ಮ ಹೇಳಿದ್ದಾನೆ ಎಂದು ಸುಳ್ಳು ಹೇಳು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುತ್ತಾರೆ ಭಾವ. ಈ ಒಂದು ಸಲ ಬರಲಿ.

ನಿನ್ನ ತಮ್ಮ


ಜೂನ್ 8
(ಧ್ವನಿ ಸಂದೇಶ)

ಜೂನ್ ಎಂಟು. ನಿನ್ನ ಅಕ್ಕ ಸುಳ್ಳು ಹೇಳಿದ್ಲು ಕಣೋ. ಅದೂ ಎಷ್ಟು ಕೆಟ್ಟದಾಗಿ ಅಂದ್ರೆ, ಕುತ್ತಿಗೆವರೆಗೂ ಕೆಂಪಾಗಿರ್ಬೇಕು, ನಂಗೆ ಕಾಣಲಿಲ್ಲ. ಸುಳ್ಳು ಅಂತ ಗೊತ್ತಾಗೇ ಹೋದೆ. ಅಷ್ಟು ಕಷ್ಟಪಟ್ಟು ಹೇಳಿದಾಳೆ, ಪಾಪ ಅಂತ.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ಕೈಗೊಂದು ಕಾರ್ಡ್ ಕೊಟ್ರು, ಚೌಕ ಚೌಕ ಗೆರೆ ಹಾಕಿದ್ದು. "ಮಧ್ಯದ ಚುಕ್ಕಿ ನೋಡಿ, ಗೆರೆಗಳು ಹೇಗೆ ಕಾಣ್ತವೆ" ಅಂದ್ರು. "ಯಾವ ಚುಕ್ಕಿ?" ಅಂದೆ. ಸುತ್ತ ಗೆರೆಗಳೆಲ್ಲ ಬಾವಿಗೆ ಬೀಳೋ ಹಾಗೆ ಬಾಗಿದ್ವು. ನಂಗೆ ನಗು ಬಂತು. "ಇದೂ ಅಗ್ಗದ್ದಾ ಡಾಕ್ಟ್ರೇ" ಅಂದೆ. ಅವರಿಗೆ ಅರ್ಥ ಆಗ್ಲಿಲ್ಲ. ನಿನ್ನ ಅಕ್ಕ ಎದ್ದು ಹೊರಗೆ ಹೋದ್ಲು.

ಕಣ್ಣಿನ ಹಿಂದಿನ ಪರದೇಲಿ, ಸರಿಯಾಗಿ ನಡುವಲ್ಲಿ, ರಕ್ತ ಒಸರಿ ಗಾಯ ಆಗಿದೆಯಂತೆ. ಎರಡು ಕಣ್ಣಿದ್ದವರಿಗೆ ಒಂದನ್ನ ಮುಚ್ಚಿದ್ರೆ ಗೊತ್ತಾಗ್ಬಿಡತ್ತಂತೆ. ನಂದು ಎಡಗಡೆದು ಬರೀ ಅಲಂಕಾರಕ್ಕೆ, ಯಾವುದರ ಜೊತೆ ಹೋಲಿಸಿ ನೋಡ್ಲಿ? ಕಣ್ಣಿಗೇ ಸೂಜಿ ಚುಚ್ತಾರೆ. ಎರಡು ಸಲ ಆಯ್ತು. ಹರಡೋದು ನಿಲ್ಲತ್ತೆ, ಹೋಗಿದ್ದು ಬರಲ್ಲ ಅಂದ್ರು. "ಗೆರೆ ಡೊಂಕು ಕಾಣಿಸಿದ ಹೊಸದರಲ್ಲೇ ಬಂದಿದ್ರೆ ಉಳಿಸ್ಬಹುದಿತ್ತು. ಯಾರಿಗೂ ಹೇಳಲಿಲ್ವಾ?" ಅಂತ ಕೇಳಿದ್ರು.

ಹೇಳಿದ್ದೆ ಅಂದೆ. ಎಲ್ಲರಿಗೂ ಹೇಳಿದ್ದೆ, ಬಡಗಿಗೂ ಹೇಳಿದ್ದೆ ಅಂದೆ.

ನೀನು ನಿನ್ನ ಅಕ್ಕನಿಗೆ ಬರೆದಿದ್ದನ್ನ ಅವಳು ಆಸ್ಪತ್ರೆ ಬೆಂಚಿನ ಮೇಲೆ ಓದಿದ್ಲು. ಅರ್ಧಕ್ಕೆ ನಿಲ್ಲಿಸ್ದೇ ಪೂರ್ತಿ ಓದಿದ್ಲು. ನೀನು ಪೂರ್ತಿ ಕೇಳ್ತಿರಲಿಲ್ಲ ಅನ್ನೋದನ್ನೂ ಓದಿದ್ಲು. ಅದಕ್ಕೆ ಏನು ಹೇಳ್ಲಿ. ನನ್ನ ಮಾತು ಪೂರ್ತಿ ಕೇಳೋರು ಯಾರಿದಾರೆ ಹೇಳು, ನಾನೇ ಕೇಳಲ್ಲ.

ಇಂತಿ, ಭಾವ.


ಜುಲೈ 6
(ಧ್ವನಿ ಸಂದೇಶ)

ಜುಲೈ ಆರು, ಭಾನುವಾರ. ಈ ಸಲ ಕಡಿಮೆ ಮಾತಾಡ್ತೀನಿ. ಕೊನೇವರೆಗೂ ಕೇಳು.

ನಿನ್ನೆ ಮಿಲ್ಲಿಗೆ ಹೋಗಿದ್ದೆ, ಲೆಕ್ಕ ಮುಗಿಸಕ್ಕೆ. ನಿನ್ನ ಅಕ್ಕ ಕೈ ಹಿಡ್ಕೊಂಡು ಬಂದಿದ್ಲು, ಗೇಟಿನ ಹತ್ರ ಬಿಡಿಸ್ಕೊಂಡೆ. ಮ್ಯಾನೇಜರ ಕೋಣೇಲಿ ಅದೇ ಜಾಗದಲ್ಲಿ ನಿಂತ್ಕೊಂಡೆ. ಅವರೇನೂ ಕೇಳಲಿಲ್ಲ. ನಾನೇ ಹೇಳ್ದೆ, "ಹಿತ್ತಲಿಗೆ ನನ್ನ ಭಾಮೈದನ್ನ ಕರೆಸ್ಕೊಳ್ಳಿ. ಅವನ ಕಣ್ಣೇ ಕಣ್ಣು" ಅಂದೆ. ಲೆಕ್ಕದ ಪುಸ್ತಕ ಮುಚ್ಚಿದ್ರು. ಆಮೇಲೆ "ಹೋದ ತಿಂಗಳೇ ಇಲಿ ಹಿಡಿಯೋ ಕಂಪನಿಗೆ ಕೊಟ್ಬಿಟ್ವಲ್ಲ" ಅಂದ್ರು. ಮುಚ್ಚಿದ ಡಬ್ಬದಲ್ಲಿ ಮದ್ದು ಇಡ್ತಾರಂತೆ, ಕಾಳಿಗೆ ತಾಗಲ್ವಂತೆ. ದಿಬ್ಬದ ಉದ್ದಕ್ಕೂ ಕಪ್ಪು ಡಬ್ಬ ಸಾಲಾಗಿ ಇಟ್ಟಿದಾರೆ. ತೂಕದ ಕೋಣೆ ಕಿಟಕಿಗೆ ಹಲಗೆ ಹೊಡೆದಿದಾರೆ. ಆ ಸ್ಟೂಲು ಕೇಳ್ದೆ, ತಗೊಂಡ್ಹೋಗಿ ಅಂದ್ರು. ರಟ್ಟಿನ ಮಡಿಕೆ ಸಮೇತ ಮನೆಗೆ ಬಂದಿದೆ.

ಆವತ್ತಿನ ಮಾತನ್ನ ಇವತ್ತು ಆಡ್ದೆ. ಯಾರಿಗೂ ಉಪಯೋಗ ಆಗ್ಲಿಲ್ಲ. ಆದ್ರೂ ನಿಂಗೆ ಗೊತ್ತಿರ್ಲಿ.

ನಿನ್ನ ಸ್ಕೋಪ್ ವಾಪಸ್ ಕಳಿಸಲ್ಲ. ಅದೇ ಬನಿಯನ್ನಲ್ಲಿ ಸುತ್ತಿ ಕಪಾಟಲ್ಲಿಟ್ಟಿದೀನಿ. ಬೇಕಾದ್ರೆ ಬಂದು ತಗೊಂಡ್ಹೋಗು. ಒಂದು ಭಾನುವಾರ ಸಾಕು. ಬಂದ್ರೆ ಆ ಗೋಡೇಲಿ ಏನಿತ್ತು ಅಂತ ಹೇಳ್ತೀನಿ.

ಆದ್ರೆ ಒಂದು ಮಾತು, ಮೊದ್ಲೇ ಹೇಳಿಡ್ತೀನಿ. ನಡುವೆ ಇರೋ ಆ ಬೂದಿ ಇದೆಯಲ್ಲ, ಅದು ನಾನು ಎಲ್ಲಿ ನೋಡಿದ್ರೆ ಅಲ್ಲಿಗೇ ಬರತ್ತೆ. ನೇರವಾಗಿ ನೋಡಿದ್ದೆಲ್ಲ ಅದರೊಳಗೆ ಹೋಗ್ಬಿಡತ್ತೆ. ಪಕ್ಕದಲ್ಲಿರೋದು ಮಸುಕಾಗಿ ಕಾಣತ್ತೆ. ನಿನ್ನ ಅಕ್ಕನ ಮುಖ ನೋಡ್ಬೇಕು ಅಂದ್ರೆ ಅವಳ ಕಿವಿ ಆಚೆ ನೋಡ್ಬೇಕು. ಈಗ ಅಭ್ಯಾಸ ಆಗಿದೆ. ಅವಳ ಕೆನ್ನೆ ಸರಿಯಾಗೇ ಇದೆ, ನೀನು ಹೇಳಿದ್ದು ನಿಜ.

ನೀನು ಬಂದು ಎದುರಿಗೆ ಕೂತಾಗ ನಾನು ನಿನ್ನ ಪಕ್ಕದ ಗೋಡೆ ನೋಡ್ತಾ ಇರ್ತೀನಿ. ಮುಖ ತಿರುಗಿಸ್ಕೊಂಡೆ ಅಂದ್ಕೋಬೇಡ ಮಾರಾಯ. ಹಾಗೆ ನೋಡಿದ್ರೇನೇ ನೀನು ಕಾಣೋದು.

ಇಂತಿ, ನಿನ್ನ ಭಾವ.